ಹೊಳೆ ಎಣಿಸಿ ದಾರಿ ಹಾಕುವುದು: ಕಾಟ್ಸ್‌ವೋಲ್ಡ್ಸ್‌ನಲ್ಲಿ ಒಂದು ದಿನದ ಸೈಕಲ್ ಸವಾರಿ

ಲಂಡನ್ನಿನಿಂದ ಒಂದೇ ದಿನದಲ್ಲಿ ಹೋಗಿಬರಬಹುದಾದ ಹಳ್ಳಿಗಾಡಿನ ಸವಾರಿಗಳಲ್ಲಿ ನಾನು ಮೊದಲು ಹೇಳುವುದು ಕಾಟ್ಸ್‌ವೋಲ್ಡ್ಸ್ ಗುಡ್ಡಗಳ ಹೆಸರನ್ನು. ಪ್ಯಾಡಿಂಗ್ಟನ್ ನಿಲ್ದಾಣದಲ್ಲಿ ರೈಲು ಹತ್ತಿದರೆ ಒಂದೂವರೆ ಗಂಟೆ ಚಿಲ್ಲರೆಯಲ್ಲಿ ಮೋರ್ಟನ್-ಇನ್-ಮಾರ್ಷ್. ಅಲ್ಲಿಂದ ಸುಮಾರು 65 ಕಿ.ಮೀ. ಸುತ್ತು ಹಾಕಿ ಅದೇ ನಿಲ್ದಾಣಕ್ಕೆ ವಾಪಸು. ದೂರ ಕೇಳಿದರೆ ಸಣ್ಣದು. ಆದರೆ ನಂದಿ ಬೆಟ್ಟ ಹತ್ತಿ ಪಳಗಿದ ಕಾಲುಗಳೂ ಇಲ್ಲಿ ಮಧ್ಯಾಹ್ನದ ಹೊತ್ತಿಗೆ ಸೋಲುತ್ತವೆ. ನಂದಿಯಲ್ಲಿ ಇರುವುದು ಒಂದೇ ಏರು, ಒಂದೇ ಲಯ. ಇಲ್ಲಿ ಏರು ಐದಾರು ನಿಮಿಷಕ್ಕೆ ಮುಗಿಯುತ್ತದೆ, ಇಳಿತ ಎರಡು ನಿಮಿಷಕ್ಕೆ, ಆಮೇಲೆ ಮತ್ತೆ ಏರು.

ಇದಕ್ಕೆ ಕಾರಣ ನೆಲದಲ್ಲೇ ಇದೆ. ಕಾಟ್ಸ್‌ವೋಲ್ಡ್ಸ್ ಎಂದರೆ ಆಗ್ನೇಯಕ್ಕೆ ವಾಲಿದ ಸುಣ್ಣದಕಲ್ಲಿನ ಹಾಸು. ವಾಯವ್ಯದ ಅಂಚು ಕಡಿದಾಗಿ ಕೆಳಗಿಳಿಯುತ್ತದೆ, ಉಳಿದದ್ದು ಥೇಮ್ಸ್ ಕಡೆಗೆ ನಿಧಾನವಾಗಿ ಜಾರುತ್ತದೆ. ಆ ಜಾರಿನಲ್ಲಿ ವಿಂಡ್‌ರಶ್, ಐ, ಡಿಕ್ಲರ್, ಈವನ್‌ಲೋಡ್ ಹೊಳೆಗಳು ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಕಣಿವೆ ಕೊರೆದಿವೆ. ಹೊಳೆಯ ಜತೆಗೇ ಸಾಗುವ ದಾರಿ ಹಗುರ. ಹೊಳೆಯನ್ನು ಅಡ್ಡ ದಾಟುವ ದಾರಿ ಪ್ರತಿ ಸಲವೂ ಒಂದು ಇಳಿತ, ಒಂದು ಏರು ಕೊಡುತ್ತದೆ. ಹಾಗಾಗಿ ದಾರಿ ಹಾಕುವಾಗ ನಾನು ಕಿಲೋಮೀಟರ್ ನೋಡುವ ಮೊದಲು ಎಷ್ಟು ಹೊಳೆ ದಾಟಬೇಕು ಎಂದು ಎಣಿಸುತ್ತೇನೆ. ದಿನ ಎಷ್ಟು ಭಾರವಾಗಲಿದೆ ಎಂಬುದನ್ನು ದಾರಿ ಹಾಕಿಕೊಡುವ ಮೊಬೈಲ್ ಆ್ಯಪ್ ತೋರಿಸುವ ಒಟ್ಟು ಏರಿಕೆಯ ಅಂಕಿಗಿಂತ ಈ ಎಣಿಕೆಯೇ ಸರಿಯಾಗಿ ಹೇಳುತ್ತದೆ.

ನಕ್ಷೆಗೆ ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೇಯ 1:50,000 ಅಳತೆಯದು ಸಾಕು. ಅದರಲ್ಲಿ ಕಂಟೂರ್, ಅಂದರೆ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳ ನಡುವಿನ ಎತ್ತರದ ಅಂತರ 10 ಮೀಟರ್. ರಸ್ತೆಯ ಮೇಲೆ ಒಂದು ಬಾಣದ ತಲೆ ಇದ್ದರೆ ಏರು 14ರಿಂದ 20 ಶೇಕಡಾ, ಎರಡಿದ್ದರೆ 20 ಶೇಕಡಾಕ್ಕೂ ಕಡಿದು. ಹಳದಿ ಬಣ್ಣದ ಸಣ್ಣ ದಾರಿಗಳೇ ನಮಗೆ ಬೇಕಾದವು. ಕೆಂಪು ಮತ್ತು ಹಸಿರು ಬಣ್ಣದ ದೊಡ್ಡ ರಸ್ತೆಗಳನ್ನು ಅಡ್ಡ ದಾಟಬೇಕಷ್ಟೇ, ಅವುಗಳ ಮೇಲೆ ಸಾಗಬಾರದು. ಮೋರ್ಟನ್ ಊರಿನ ನಡುವೆಯೇ ಹೋಗುವ ಎ429 ಹಳೆಯ ರೋಮನ್ ರಸ್ತೆ, ಫಾಸ್ ವೇ. ನೇರವಾಗಿದೆ, ಹತ್ತಿರದ ದಾರಿ, ಆದ್ದರಿಂದ ಆ್ಯಪ್‌ಗಳು ಪದೇ ಪದೇ ಅಲ್ಲಿಗೇ ಎಳೆಯುತ್ತವೆ. ಲಾರಿ ಮತ್ತು ಕಾರುಗಳ ವೇಗ ನೋಡಿದರೆ ಅಲ್ಲಿ ಸೈಕಲ್ ತುಳಿಯುವುದು ಬೇಡ. ಆ್ಯಪ್‌ನ ಇನ್ನೊಂದು ತಪ್ಪು ಬ್ರೈಡಲ್‌ವೇ, ಅಂದರೆ ಕುದುರೆ ದಾರಿ. ಅಲ್ಲಿ ಸೈಕಲ್ ಹೊಡೆಯಲು 1968ರ ಕಾಯ್ದೆಯಿಂದಲೇ ಹಕ್ಕಿದೆ, ಆದರೆ ಮಳೆ ಬಿದ್ದ ಮೇಲೆ ಅದು ಬರೀ ಕೆಸರಿನ ಗದ್ದೆ. ಅನುಮಾನ ಬಂದ ಪ್ರತಿಯೊಂದು ತುಂಡನ್ನೂ ರಸ್ತೆಯ ಫೋಟೊದಲ್ಲಿ ನೋಡಿಯೇ ಒಪ್ಪುತ್ತೇನೆ. ಕಣಿವೆಗಳಲ್ಲಿ ಮೊಬೈಲ್ ಸಿಗ್ನಲ್ ಕೈಕೊಡುತ್ತದೆ, ಹಾಗಾಗಿ ದಾರಿಯನ್ನು ಮೊದಲೇ ಇಳಿಸಿಕೊಂಡಿರಬೇಕು.

ಸುತ್ತನ್ನು ಅಪ್ರದಕ್ಷಿಣೆಯಾಗಿ ಹಾಕಬೇಕು. ಇಂಗ್ಲೆಂಡಿನಲ್ಲಿ ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುತ್ತದೆ. ಕಾಲು ಸೋತಿರುವ ಕೊನೆಯ ಗಂಟೆಯಲ್ಲಿ ಈಶಾನ್ಯಕ್ಕೆ ಹೋಗುವಂತಿದ್ದರೆ ಗಾಳಿಯೇ ಬೆನ್ನು ತಳ್ಳುತ್ತದೆ.

ಮೋರ್ಟನ್‌ನಿಂದ ಡ್ರೇಕಾಟ್ ಮೇಲೆ ಬ್ಲಾಕ್ಲೀ, ಅಲ್ಲೊಂದು ಏರು ಹತ್ತಿ ಬ್ರಾಡ್ ಕ್ಯಾಂಪ್ಡನ್, ಚಿಪ್ಪಿಂಗ್ ಕ್ಯಾಂಪ್ಡನ್. ಮುಂದೆ ಗುಡ್ಡದ ಅಂಚಿನಿಂದ ಸೇಂಟ್‌ಬರಿ ಮೂಲಕ ಇಳಿತ. ಇಡೀ ದಿನದಲ್ಲಿ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದ ಇಳಿಜಾರು ಇದೇ. ಬುಡದಲ್ಲೇ ಬಿ4632 ರಸ್ತೆ ಅಡ್ಡ ಬರುತ್ತದೆ, ಅಲ್ಲಿ ಪೂರ್ತಿ ನಿಲ್ಲಲೇಬೇಕು. ಕೈ ಹ್ಯಾಂಡಲ್‌ನ ಕೆಳಗಿನ ಬಾಗಿನಲ್ಲಿರಲಿ. ಬ್ರೇಕನ್ನು ಒಂದೇ ಸಮ ಒತ್ತಿಕೊಂಡು ಇಳಿಯಬಾರದು. ನೇರ ದಾರಿಯಲ್ಲಿ ಗಟ್ಟಿಯಾಗಿ ಒತ್ತಿ ವೇಗ ತಗ್ಗಿಸಿ, ಬಿಟ್ಟು, ಮತ್ತೆ ಒತ್ತಬೇಕು. ವಿಲ್ಲರ್ಸೀ ದಾಟಿದರೆ ಬ್ರಾಡ್‌ವೇ. ಅಲ್ಲಿಂದ ಎ44 ರಸ್ತೆಯ ಏರಿನ ಕಡೆಗೆ ತಿರುಗದೆ ಸ್ನೋಸ್‌ಹಿಲ್ ದಾರಿ ಹಿಡಿಯಬೇಕು. ದಿನದ ದೊಡ್ಡ ಏರು ಅದೇ. ಮೊದಲ ಎರಡು ಕಿ.ಮೀ. ಮೋಸ ಮಾಡುತ್ತವೆ: ಏರೇ ಇಲ್ಲವೇನೋ ಎನ್ನಿಸಿ ಜೋರಾಗಿ ತುಳಿದವರು ಹಳ್ಳಿಯ ಹತ್ತಿರದ ಕಡಿದಾದ ತುಂಡಿನಲ್ಲಿ ಇಳಿದು ತಳ್ಳುತ್ತಾರೆ. ಜೂನ್ ಮಧ್ಯದಿಂದ ಜುಲೈ ಕೊನೆಯವರೆಗೆ ಮೇಲಿನ ಬಯಲಿನಲ್ಲಿ ಲ್ಯಾವೆಂಡರ್ ಅರಳಿರುತ್ತದೆ. ಆಗ ಕಾರುಗಳೂ ಹೆಚ್ಚು, ಬೆಳಿಗ್ಗೆ ಹತ್ತರೊಳಗೆ ಅಲ್ಲಿರುವುದು ಲೇಸು.

ಸ್ನೋಸ್‌ಹಿಲ್ ಮೇಲಿನಿಂದ ಟ್ಯಾಡಿಂಗ್ಟನ್, ಫೋರ್ಡ್, ಟೆಂಪಲ್ ಗೈಟಿಂಗ್, ಗೈಟಿಂಗ್ ಪವರ್. ವಿಂಡ್‌ರಶ್ ಹುಟ್ಟುವುದು ಟ್ಯಾಡಿಂಗ್ಟನ್ ಬಳಿಯೇ. ಇಲ್ಲಿ ದಾರಿ ಹೊಳೆಯ ಜತೆಗೇ ಸಾಗುವುದರಿಂದ ಕಾಲಿಗೆ ಬಿಡುವು. ನಾನು ತಿನ್ನುವುದೂ ಕುಡಿಯುವುದೂ ಇದೇ ಭಾಗದಲ್ಲಿ. ನಾಂಟನ್ ದಾಟಿದ ಮೇಲೆ ಹೊಳೆಗಳ ಎಣಿಕೆ ಶುರು. ವಿಂಡ್‌ರಶ್ ಬಿಟ್ಟು ಐ ಹೊಳೆಗೆ, ಅಂದರೆ ಅಪ್ಪರ್ ಸ್ಲಾಟರ್, ಲೋವರ್ ಸ್ಲಾಟರ್ ಹಳ್ಳಿಗಳಿಗೆ. ಅಲ್ಲಿಂದ ಡಿಕ್ಲರ್ ಹೊಳೆಗೆ, ಲೋವರ್ ಸ್ವೆಲ್‌ಗೆ. ಅಲ್ಲಿಂದ ಸುಮಾರು 240 ಮೀಟರ್ ಎತ್ತರದ ಸ್ಟೋ-ಆನ್-ದಿ-ವೋಲ್ಡ್‌ಗೆ. ಈ ಭಾಗದಲ್ಲಿ ದೂರ ಕಡಿಮೆ, ಗೇರ್ ಬದಲಾವಣೆ ಮಾತ್ರ ಲೆಕ್ಕಕ್ಕೆ ಸಿಗದಷ್ಟು. ಸ್ಟೋ ಆದ ಮೇಲೆ ಬ್ರಾಡ್‌ವೆಲ್, ಈವನ್‌ಲೋಡ್, ಮೋರ್ಟನ್: ಹೆಚ್ಚುಕಡಿಮೆ ಸಪಾಟು.

ಗೇರ್ ವಿಷಯದಲ್ಲಿ ಲೆಕ್ಕ ಮಾಡಿಯೇ ಹೊರಡಬೇಕು. ಮುಂದಿನ ಹಲ್ಲುಚಕ್ರದಲ್ಲಿ 34 ಹಲ್ಲು, ಹಿಂದಿನದರಲ್ಲಿ 34 ಹಲ್ಲು ಇದ್ದರೆ ನಿಮಿಷಕ್ಕೆ 60 ಸುತ್ತು ತುಳಿದಾಗ ವೇಗ ಗಂಟೆಗೆ ಸುಮಾರು 7.5 ಕಿ.ಮೀ. ಸವಾರ, ಸೈಕಲ್ ಸೇರಿ 85 ಕೆ.ಜಿ. ಇದ್ದರೆ 10 ಶೇಕಡಾ ಏರಿನಲ್ಲಿ ಆ ವೇಗಕ್ಕೆ ಸುಮಾರು 175 ವಾಟ್ ಶಕ್ತಿ ಬೇಕು. ಹವ್ಯಾಸಿ ಸವಾರರಿಗೆ ಇದು ಕೈಗೆಟಕುವ ಅಂಕಿ. ಅದೇ ವೇಗದಲ್ಲಿ ಹಳೆಯ 39-25 ಗೇರಿನಲ್ಲಿ (ಮುಂದೆ 39, ಹಿಂದೆ 25 ಹಲ್ಲು) ತುಳಿದರೆ ನಿಮಿಷಕ್ಕೆ 40 ಸುತ್ತೂ ಬರುವುದಿಲ್ಲ, ಪೂರ್ತಿ ಭಾರ ಮೊಣಕಾಲಿನ ಮೇಲೆ. ಇನ್ನು ಚೈನ್ ಬೀಳುವುದು ಹೆಚ್ಚಾಗಿ ಕಣಿವೆಯ ತಳದಲ್ಲಿ. ಮುಂದಿನ 50 ಹಲ್ಲಿನ ಚಕ್ರದಲ್ಲಿ ಧಾವಿಸಿ ಬಂದು, ಏರು ಎದುರಾದ ಮೇಲೆ ಬಲ ಹಾಕುತ್ತಲೇ 34ಕ್ಕೆ ಇಳಿಸಿದರೆ ಚೈನ್ ಒಳಗೆ ಬಿದ್ದುಹೋಗುತ್ತದೆ. ಇಳಿಜಾರು ಮುಗಿಯುವ ಮೊದಲೇ, ಕಾಲು ಹಗುರವಾಗಿ ತಿರುಗುತ್ತಿರುವಾಗ ಮುಂದಿನದನ್ನು ಇಳಿಸಿ, ಹಿಂದೆ ಎರಡು ಮೂರು ಹಲ್ಲುಚಕ್ರ ಗಟ್ಟಿ ಕಡೆಗೆ ಸರಿಸಿದರೆ ಕಾಲಿನ ಲಯ ತಪ್ಪುವುದಿಲ್ಲ.

ಇಳಿತದ ವೇಗವನ್ನೇ ಬಳಸಿ ಮುಂದಿನ ಏರನ್ನು ಅರ್ಧ ಹತ್ತುವ ಆಸೆ ಎಲ್ಲರಿಗೂ ಬರುತ್ತದೆ. ಇಲ್ಲಿ ಅದು ಅಪಾಯ. ತಳದಲ್ಲಿ ಹೊಳೆ ಇರುತ್ತದೆ, ಹೊಳೆ ಇದ್ದಲ್ಲಿ ಕಿರುಸೇತುವೆ, ತಿರುವು, ಟ್ರ್ಯಾಕ್ಟರ್ ಬಿಟ್ಟುಹೋದ ಕೆಸರು. ನಾಲ್ಕು ಮೀಟರಿಗೂ ಕಿರಿದಾದ ಲೇನ್, ಎರಡೂ ಕಡೆ ಆಳೆತ್ತರದ ಬೇಲಿ, ನಡುವೆ ಹುಲ್ಲು ಮತ್ತು ಜಲ್ಲಿಯ ಪಟ್ಟಿ. ಕಾನೂನಿನ ಪ್ರಕಾರ ಇಂಥ ದಾರಿಯಲ್ಲೂ ಕಾರುಗಳಿಗೆ ಗಂಟೆಗೆ 60 ಮೈಲಿಯ ಮಿತಿಯೇ. ಕಣ್ಣಿಗೆ ಕಾಣುವಷ್ಟು ದೂರದ ಅರ್ಧದಲ್ಲಿ ನಿಲ್ಲಿಸಲು ಆಗಬೇಕು, ಏಕೆಂದರೆ ಉಳಿದರ್ಧ ಎದುರಿನವರದು. ಕುದುರೆ ಸವಾರರು ಕಂಡರೆ ದೂರದಿಂದಲೇ ‘ಹಲೋ’ ಎಂದು ಕೂಗಿ, ನಿಧಾನ ಮಾಡಿ, ಬಲಗಡೆಯಿಂದ ಅಗಲವಾಗಿ ದಾಟಬೇಕು. ಹಿಂದಿನಿಂದ ಸದ್ದಿಲ್ಲದೆ ಬರುವ ಸೈಕಲ್ ಕುದುರೆಯನ್ನು ಬೆಚ್ಚಿಸುತ್ತದೆ. ಅಪ್ಪರ್ ಸ್ಲಾಟರ್‌ನಲ್ಲಿ ರಸ್ತೆ ನೀರಿನೊಳಗೇ ಇಳಿಯುವ ಜಾಗವಿದೆ. ನೀರು ಕಡಿಮೆ ಕಂಡರೂ ತಳದಲ್ಲಿ ಪಾಚಿ. ಪಕ್ಕದ ಕಾಲುಸೇತುವೆಯ ಮೇಲೆ ಸೈಕಲ್ ತಳ್ಳಿಕೊಂಡು ಹೋಗುವುದೇ ಸರಿ.

ಪಂಕ್ಚರ್‌ಗೆ ಋತುವಿದೆ. ಹಕ್ಕಿಗಳು ಗೂಡು ಕಟ್ಟುವ ಕಾಲವೆಂದು ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ರೈತರು ಬೇಲಿ ಕತ್ತರಿಸುವುದಿಲ್ಲ. ಸೆಪ್ಟೆಂಬರ್‌ನಿಂದ ಟ್ರ್ಯಾಕ್ಟರ್‌ಗಳು ಬೇಲಿ ಸವರಲು ಶುರುಮಾಡಿದವೆಂದರೆ ಬೇಲಿಯ ಹಾಥಾರ್ನ್, ಬ್ಲ್ಯಾಕ್‌ಥಾರ್ನ್ ಗಿಡಗಳ ಮುಳ್ಳು ರಸ್ತೆಯ ಮೇಲೆ. 28 ಅಥವಾ 32 ಮಿ.ಮೀ. ಟೈರ್ ಹಾಕಿ. 75 ಕೆ.ಜಿ. ತೂಕದವರಿಗೆ ಟ್ಯೂಬ್ ಇರುವ 28ರಲ್ಲಿ ಗಾಳಿಯ ಒತ್ತಡ ಮುಂದೆ 65, ಹಿಂದೆ 70 ಪಿಎಸ್‌ಐ ಸಾಕು. ಪಂಕ್ಚರ್ ಆದಾಗ ಟ್ಯೂಬಷ್ಟೇ ಬದಲಿಸಿದರೆ ಹತ್ತೇ ನಿಮಿಷದಲ್ಲಿ ಮತ್ತೆ ಗಾಳಿ ಹೋಗುತ್ತದೆ. ಬ್ಲ್ಯಾಕ್‌ಥಾರ್ನ್ ಮುಳ್ಳಿನ ತುದಿ ರಬ್ಬರಿನೊಳಗೇ ಮುರಿದು ಉಳಿಯುತ್ತದೆ, ಹೊರಗಿನಿಂದ ಕಪ್ಪು ಚುಕ್ಕೆಯಷ್ಟೇ ಕಾಣುವುದು. ಹಾಗಾಗಿ ಟ್ಯೂಬ್ ತೆಗೆಯುವಾಗ ವಾಲ್ವ್ ಟೈರಿನ ಯಾವ ಅಕ್ಷರದ ಎದುರಿಗಿತ್ತೆಂದು ಗಮನಿಸಿ, ಟ್ಯೂಬಿಗೆ ಗಾಳಿ ಹಾಕಿ ತೂತು ಹುಡುಕಿ, ಟೈರಿನಲ್ಲಿ ಅದೇ ಜಾಗವನ್ನು ಎರಡು ಕೈಯಲ್ಲೂ ಒಳಹೊರಗಾಗಿ ಮಡಚಿ. ರಬ್ಬರ್ ಬಾಯಿ ಬಿಟ್ಟಾಗ ಮುಳ್ಳು ತಲೆ ಎತ್ತುತ್ತದೆ. ಚಿಮಟಿಗೆಯಿಂದ ಹಿಡಿದು, ಮುಳ್ಳು ಒಳಗೆ ಬಂದ ದಾರಿಯಲ್ಲೇ ಹೊರಕ್ಕೆ ಎಳೆಯಬೇಕು. ಎರಡು ಟ್ಯೂಬು, ಪ್ಯಾಚು, ಪಂಪು, ಚಿಮಟಿಗೆ ಇವಿಷ್ಟು ಚೀಲದಲ್ಲಿರಲಿ.

ನೀರಿಗೆ 750 ಮಿ.ಲೀ.ಯ ಎರಡು ಬಾಟಲಿ. ಹಳ್ಳಿಯ ಚರ್ಚಿನ ಅಂಗಳದಲ್ಲಿ ಹಲವು ಕಡೆ ನಲ್ಲಿ ಇರುತ್ತದೆ, ಕುಡಿಯಬಾರದೆಂಬ ಫಲಕ ಇದೆಯೇ ಎಂದು ನೋಡಿಯೇ ತುಂಬಿಸಿ. ಪಬ್‌ಗಳ ಅಡುಗೆಮನೆ ಎಷ್ಟೋ ಕಡೆ ಮಧ್ಯಾಹ್ನ ಎರಡೂವರೆಗೆ ಮುಚ್ಚಿ ಸಂಜೆಗೇ ತೆರೆಯುವುದು. ಅದನ್ನು ನಂಬಿ ಕೂರದೆ ಬಾಳೆಹಣ್ಣು, ಖರ್ಜೂರ, ಕಡಲೆ ಮಿಠಾಯಿ ಜೇಬಿನಲ್ಲಿಟ್ಟು ಅರ್ಧ ಗಂಟೆಗೊಮ್ಮೆ ತಿನ್ನುವುದು ನನ್ನ ಪದ್ಧತಿ.

ರೈಲಿನಲ್ಲಿ ಸೈಕಲ್‌ಗೆ ಹೋಗುವುದಕ್ಕೂ ಬರುವುದಕ್ಕೂ ಮೊದಲೇ ಜಾಗ ಕಾದಿರಿಸಬೇಕು. ಒಂದು ರೈಲಿಗೆ ಬೆರಳೆಣಿಕೆಯಷ್ಟೇ ಜಾಗ, ಬೇಸಿಗೆಯ ಶನಿವಾರಗಳಂದು ಬೇಗ ಮುಗಿದುಹೋಗುತ್ತದೆ. ಸೈಕಲನ್ನು ಮುಂದಿನ ಚಕ್ರದಿಂದ ನೇತುಹಾಕುವ ಇಕ್ಕಟ್ಟಿನ ಕಪಾಟು ಅದು, ಬಾಟಲಿ ಮತ್ತು ಚೀಲ ಮೊದಲೇ ಬಿಚ್ಚಿಕೊಂಡಿರಿ. ಮಳೆಯಲ್ಲಿ ಸುತ್ತಿದ್ದರೆ ಪ್ಲಾಟ್‌ಫಾರ್ಮಿನಲ್ಲೇ ಚೈನನ್ನೊಮ್ಮೆ ಬಟ್ಟೆಯಿಂದ ಒರೆಸಿ. ರಿಮ್ ಬ್ರೇಕ್ ಇದ್ದರೆ ಪ್ಯಾಡ್‌ಗಳಲ್ಲಿ ಕಚ್ಚಿಕೊಂಡ ಕಲ್ಲಿನ ಹರಳುಗಳನ್ನು ಗುಂಡುಪಿನ್ನಿನಿಂದ ಕಿತ್ತುಹಾಕಿ. ಒದ್ದೆ ಸುಣ್ಣದಕಲ್ಲಿನ ಪುಡಿ ಮರಳುಕಾಗದದ ಹಾಗೆ ರಿಮ್ಮನ್ನು ತೇಯುತ್ತದೆ. ಮುಂದಿನ ಸವಾರಿಯವರೆಗೆ ಹಾಗೇ ಬಿಟ್ಟರೆ ಮೊದಲ ಬ್ರೇಕಿಗೇ ಕರಕರ ಸದ್ದು ಬರುತ್ತದೆ.