ಎರಡು ಬೆಳೆಗಳ ನಡುವೆ ನಮ್ಮ ಮದುವೆಯ ದಿನ

ರೇಷ್ಮೆಹುಳು ಸಾಕುವ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಒಂದೇ ದಿನ ಹೊರಗೆ ಹೋಗುವುದು ಸುಲಭವಲ್ಲ. ಶಿಡ್ಲಘಟ್ಟದ ಸಮೀಪದ ನಮ್ಮ ಹಳ್ಳಿಗೆ ನಾನು ಸೊಸೆಯಾಗಿ ಬಂದು 20 ವರ್ಷವಾಯಿತು. ಮೇ ತಿಂಗಳಲ್ಲಿ ಬರುವ ನಮ್ಮ ಮದುವೆಯ ದಿನವನ್ನು ಕಳೆದ ಸಲದವರೆಗೆ ಪ್ರತಿ ವರ್ಷವೂ ಹುಳುಮನೆಯಲ್ಲಿಯೇ ಕಳೆದಿದ್ದೆವು. ಹುಳು ಮೇವು ಬಿಟ್ಟು ಪೊರೆ ಕಳಚುವುದನ್ನು ನಾವು ಜ್ವರ ಎನ್ನುತ್ತೇವೆ. ನಾಲ್ಕನೇ ಜ್ವರದಿಂದ ಎದ್ದ ಹುಳು, ತಾನು ಒಟ್ಟು ತಿನ್ನುವ ಹಿಪ್ಪುನೇರಳೆ ಸೊಪ್ಪಿನಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲನ್ನು ಕೊನೆಯ ಒಂದು ವಾರದಲ್ಲಿಯೇ ತಿನ್ನುತ್ತದೆ. ಆಗ ಒಬ್ಬರು ಸೊಪ್ಪು ಕಡಿದು ತಂದರೆ ಇನ್ನೊಬ್ಬರು ಹಾಕುತ್ತಲೇ ಇರಬೇಕು.

ಈ ಸಲ ಯುಗಾದಿ ಕಳೆದ ಕೂಡಲೇ ನಾನು ಕ್ಯಾಲೆಂಡರ್ ಹಿಡಿದು ಮದುವೆಯ ದಿನದಿಂದ ಹಿಂದಕ್ಕೆ ಲೆಕ್ಕ ಹಾಕಿದೆ. ಎರಡನೇ ಜ್ವರ ಎದ್ದ ಹುಳುವನ್ನು ಚಾಕಿ (ಎಳೆಹುಳು) ಸಾಕುವ ಕೇಂದ್ರದಿಂದ ತಂದ ಮೇಲೆ ಚಂದ್ರಿಕೆಯಿಂದ (ಗೂಡು ಕಟ್ಟಲು ಹುಳು ಬಿಡುವ ತಟ್ಟೆ) ಗೂಡು ಬಿಡಿಸುವವರೆಗೆ ಸುಮಾರು ಮೂರು ವಾರ ಬೇಕು. ಗೂಡು ಮಾರಿದ ಮೇಲೆ, ಮನೆ ತೊಳೆದು ಬ್ಲೀಚಿಂಗ್ ಪುಡಿ, ಸುಣ್ಣ ಹಾಕಿ ಸೋಂಕು ಕಳೆಯುವ ಕೆಲವೇ ದಿನ ನಮಗೆ ಬಿಡುವು. ಚಾಕಿಯನ್ನು ಐದು ದಿನ ಮೊದಲೇ ತಂದರೆ ನಮ್ಮ ದಿನ ಆ ಬಿಡುವಿನೊಳಗೆ ಬರುತ್ತಿತ್ತು. "ಅಷ್ಟು ಬೇಗ ಸೊಪ್ಪು ಸಾಲುವುದಿಲ್ಲವಲ್ಲ" ಎಂದು ಯಜಮಾನರು ಹೇಳಿದರು. ಮರುದಿನ ತೋಟ ಸುತ್ತಿ ಬಂದು, 100 ಮೊಟ್ಟೆಯ ಬದಲು 75 ಮೊಟ್ಟೆ ಹುಳು ಸಾಕೋಣ ಎಂದು ಅವರೇ ತೀರ್ಮಾನಿಸಿದರು. ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಇಡೀ ಗುಂಪನ್ನು ನಾವು ಒಂದು ಮೊಟ್ಟೆ ಎಂದು ಎಣಿಸುತ್ತೇವೆ. ಕೈಗೆ ಬರುವ ಹಣ ಕಡಿಮೆಯಾಗುವುದನ್ನು ಇಬ್ಬರೂ ಮನಸಾರೆ ಒಪ್ಪಿದೆವು.

ಅಂದು ಮಗಳನ್ನು ಅತ್ತೆಯವರ ಬಳಿ ಬಿಟ್ಟು ಬೈಕಿನಲ್ಲಿ ಹೊರಟೆವು. ನಂದಿಬೆಟ್ಟಕ್ಕೆ ಹೋಗೋಣವೇ ಎಂದು ಅವರು ಕೇಳಿದಾಗ, ಮೇಲಿರುವವನು ಯೋಗನಂದೀಶ್ವರ, ನಮ್ಮ ದಿನಕ್ಕೆ ಕೆಳಗಿನ ಭೋಗನಂದೀಶ್ವರನೇ ಸರಿ ಎಂದೆ. ನಂದಿ ಗ್ರಾಮದ ಆ ದೇವಾಲಯದಲ್ಲಿ ಅರುಣಾಚಲೇಶ್ವರ ಮತ್ತು ಭೋಗನಂದೀಶ್ವರರ ಗುಡಿಗಳ ನಡುವೆ ಉಮಾಮಹೇಶ್ವರನ ಪುಟ್ಟ ಗುಡಿಯಿದೆ. ಅದರ ಮುಂದೆ ಕಪ್ಪುಕಲ್ಲಿನ ಕಲ್ಯಾಣ ಮಂಟಪ. ಅದರ ನಾಲ್ಕು ಕಂಬಗಳಲ್ಲಿ ಶಿವ–ಪಾರ್ವತಿ, ವಿಷ್ಣು–ಲಕ್ಷ್ಮಿ, ಬ್ರಹ್ಮ–ಸರಸ್ವತಿ, ಅಗ್ನಿ–ಸ್ವಾಹಾ ದಂಪತಿಗಳಾಗಿ ನಿಂತಿದ್ದಾರೆ. ಸೊಪ್ಪು ಕಡಿದು ಕಡಿದು ಯಜಮಾನರ ಹೆಬ್ಬೆರಳಿನಲ್ಲಿ ಕಪ್ಪು ಕಲೆ ಉಳಿದುಬಿಟ್ಟಿದೆ. ಆ ಬೆರಳಿನಿಂದ ಕಂಬದ ಬಳ್ಳಿಯನ್ನು ತೋರಿಸುತ್ತಾ, ನಮ್ಮ ಹಸೆಮಣೆಯ ಹತ್ತಿರ ಕಟ್ಟಿದ್ದ ಬಾಳೆಕಂಬವೊಂದು ಮುಹೂರ್ತದ ಹೊತ್ತಿಗೆ ವಾಲಿದ್ದನ್ನು ನೆನಪಿಸಿದರು. ಅದು ನನಗೆ ಗೊತ್ತೇ ಇರಲಿಲ್ಲ. ಅಂದು ನಾನು ತಲೆ ಎತ್ತಿಯೇ ಇರಲಿಲ್ಲ.

ಅಲ್ಲಿಂದ ಹೋಗಿ ಶೃಂಗಿತೀರ್ಥವೆಂಬ ಕಲ್ಯಾಣಿಯ ಮೆಟ್ಟಿಲುಗಳ ಮೇಲೆ ಬಹಳ ಹೊತ್ತು ಕುಳಿತೆವು. ನಂದಿಯು ಕೊಂಬಿನಿಂದ ನೆಲ ತಿವಿದು ಗಂಗೆಯನ್ನು ಮೇಲೆ ತಂದ ಸ್ಥಳವೆಂದು ಅದಕ್ಕೆ ಆ ಹೆಸರು. ಸಾಲದ ಮಾತು, ಬೋರ್‌ವೆಲ್ಲಿನ ಮಾತು ಬೇಡವೆಂದು ಮನೆಯಲ್ಲಿಯೇ ಒಪ್ಪಂದ ಮಾಡಿಕೊಂಡಿದ್ದೆವು, ಮತ್ತು ಅದನ್ನು ಇಬ್ಬರೂ ಪಾಲಿಸಿದೆವು. ಹೀಗೆ ಹೊರಡುವ ದಂಪತಿಗಳಿಗೆ ನಾನು ಮೊದಲು ಹೇಳುವುದು ಈ ಒಪ್ಪಂದವನ್ನೇ. ಮಧ್ಯಾಹ್ನ ದೇವಾಲಯದ ಹೊರಗೆ ಮರದ ನೆರಳಿನಲ್ಲಿ, ಕಟ್ಟಿಕೊಂಡು ಹೋಗಿದ್ದ ಮಾವಿನಕಾಯಿ ಚಿತ್ರಾನ್ನ ತಿಂದೆವು. ಬಿಸಿಲು ಇಳಿದ ಮೇಲೆ ಚಿಕ್ಕಬಳ್ಳಾಪುರದಲ್ಲಿ ಹೂವು ಕೊಂಡು ಮನೆ ಸೇರಿದೆವು.

ಮರುದಿನ ಹುಳುಮನೆ ತೊಳೆಯಲು ಹೋದಾಗ ಬಾಗಿಲಿನ ಹಿಂಬದಿಯಲ್ಲಿ ಇದ್ದಿಲಿನಿಂದ ಬರೆದ ತಾರೀಖೊಂದು ಕಂಡಿತು. ಹೊಸ ಕ್ಯಾಲೆಂಡರ್ ಬರಲು ಇನ್ನೂ ತಿಂಗಳುಗಳಿದ್ದುದರಿಂದ, ಮುಂದಿನ ಏಪ್ರಿಲ್‌ನಲ್ಲಿ ಚಾಕಿ ತರಬೇಕಾದ ದಿನವನ್ನು ಯಜಮಾನರು ಅಲ್ಲಿ ಬರೆದಿಟ್ಟಿದ್ದರು.