ಕಾಕ್‌ಟೇಲ್‌ಗೆ ಕೊಟ್ಟ ದುಡ್ಡು ಎಲ್ಲಿ ಹೋಗುತ್ತದೆ?

ಬೆಂಗಳೂರಿನ ಬಾರೊಂದರಲ್ಲಿ ಕಾಕ್‌ಟೇಲ್ ಮಾಡುವುದು ನನ್ನ ಕೆಲಸ. ಮೆನುವಿನಲ್ಲಿ ಬೆಲೆ ನೋಡಿದ ಗಿರಾಕಿಗಳು ಕೇಳುವುದು ಒಂದೇ: "ಈ ದುಡ್ಡಿಗೆ ಹೊರಗಡೆ ಕ್ವಾರ್ಟರೇ ಬರುತ್ತಲ್ಲ ಗುರು?" ನಿಜ, ಬರುತ್ತದೆ. ಎಣ್ಣೆ ಲೆಕ್ಕ ಹಾಕಿದರೆ ಕಾಕ್‌ಟೇಲ್ ಯಾವತ್ತೂ ಗಿಟ್ಟುವುದಿಲ್ಲ. ಸಾಮಾನ್ಯವಾಗಿ ಅದರಲ್ಲಿ ಇರುವುದು ಒಂದು ಲಾರ್ಜ್, ಅಂದರೆ 60 ಎಂ.ಎಲ್. ಮಿಕ್ಕ ದುಡ್ಡು ಹೋಗುವುದು ಕೆಲಸಕ್ಕೆ. ಆ ಕೆಲಸ ಆಗಿದೆಯೋ ಇಲ್ಲವೋ ಅನ್ನುವುದೇ ಪ್ರಶ್ನೆ.

ಕ್ಯೂಬಾದ ಡೈಕಿರಿಯನ್ನೇ ತಗೊಳ್ಳಿ. ಬಿಳಿ ರಮ್ 60, ನಿಂಬೆರಸ 30, ಸಕ್ಕರೆ ಪಾಕ 20. ಅಷ್ಟೇ. ನಿಂಬೆಹಣ್ಣನ್ನು ನಾನು ಬಾರ್ ತೆರೆಯುವ ಮುಂಚೆ ಹಿಂಡುತ್ತೇನೆ, ಮರುದಿನಕ್ಕೆ ಇಡುವುದಿಲ್ಲ. ಹಳೇ ರಸದಲ್ಲಿ ಹುಳಿ ಉಳಿದಿರುತ್ತದೆ, ಘಮ ಹೋಗಿರುತ್ತದೆ. ಹಣ್ಣೂ ದಿನಾ ಒಂದೇ ತರ ಇರುವುದಿಲ್ಲ ಅಲ್ವಾ? ಹಾಗಾಗಿ ರಸದ ರುಚಿ ನೋಡಿಯೇ ಪಾಕದ ಅಳತೆ ಹೆಚ್ಚು ಕಡಿಮೆ ಮಾಡುತ್ತೇನೆ.

ಆಮೇಲೆ ಐಸ್. ನನ್ನ ಪ್ರಕಾರ ಬಾರಿಗೆ ಹೋಗಬೇಕಾದ ದೊಡ್ಡ ಕಾರಣವೇ ಇದು. ಶೇಕರ್ ತುಂಬ ಗಟ್ಟಿ ಐಸ್ ಹಾಕಿ 12 ಸೆಕೆಂಡ್‌ನಷ್ಟು ಜೋರಾಗಿ ಕುಲುಕುತ್ತೇನೆ. ಮೊದಲು ಟಣ್ ಟಣ್ ಅನ್ನುವ ಸದ್ದು, ಐಸ್ ಒಡೆಯುತ್ತಾ ಹೋದಂತೆ ಸಣ್ಣದಾಗುತ್ತದೆ. ಶೇಕರ್ ಮೇಲೆ ಬಿಳಿ ಮಂಜು ಕೂರುತ್ತದೆ, ಬೆರಳು ಚುರುಗುಟ್ಟುತ್ತದೆ. ಆಗ ನಿಲ್ಲಿಸಬೇಕು. ಗ್ಲಾಸಿಗೆ ಸೋಸುವ ಹೊತ್ತಿಗೆ ಅದರಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಕರಗಿದ ಐಸ್ ನೀರೇ ಇರುತ್ತದೆ. ಅದು ಮೋಸ ಅಲ್ಲ. ಆ ನೀರಿಲ್ಲದಿದ್ದರೆ ರಮ್ ಗಂಟಲು ಸುಡುತ್ತದೆ, ಹುಳಿ ಹಲ್ಲು ಚುಳ್ಳೆನ್ನಿಸುತ್ತದೆ. ಬಕೆಟ್‌ನಲ್ಲಿ ಅರ್ಧ ಕರಗಿ ಕೂತ ಐಸ್ ಬಳಸಿದರೆ ಮಾತ್ರ ಅದು ಬರೀ ನೀರುನೀರು. ಮನೆ ಫ್ರಿಜ್‌ನ ಐಸಿಗೆ ಒಳಗಿಟ್ಟ ಅಡುಗೆಯ ವಾಸನೆ ಹಿಡಿದಿರುತ್ತದೆ, ಅದೂ ಒಂದು ತೊಂದರೆ.

ನೆಗ್ರೋನಿಯ ಲೆಕ್ಕ ಬೇರೆ. ಜಿನ್, ಕಂಪಾರಿ ಅನ್ನುವ ಕಹಿ ಮದ್ಯ, ಸಿಹಿ ವರ್ಮೂತ್, ಮೂರೂ 30-30. ಮನೆಯಲ್ಲಿ ಮಾಡೋಣ ಅಂದರೆ ಒಂದು ಗ್ಲಾಸಿಗೋಸ್ಕರ ಮೂರು ಬಾಟಲಿ ತರಬೇಕು. ಅದರಲ್ಲೂ ವರ್ಮೂತ್ ಅಂದರೆ ವೈನ್. ಮುಚ್ಚಳ ತೆಗೆದ ಮೇಲೆ ಫ್ರಿಜ್‌ನಲ್ಲಿಟ್ಟರೂ ಕೆಲವು ವಾರಗಳಲ್ಲಿ ಸಪ್ಪೆಯಾಗುತ್ತದೆ. ವ್ಯಾಪಾರ ಇರುವ ಬಾರಿನಲ್ಲಿ ಅದು ಹಾಳಾಗುವ ಮುಂಚೆಯೇ ಖಾಲಿಯಾಗುತ್ತದೆ. ತೆರೆದ ವರ್ಮೂತ್ ಬಾಟಲಿ ಧೂಳು ಹಿಡಿದು ಶೆಲ್ಫ್ ಮೇಲೆ ನಿಂತಿರುವುದು ಕಂಡರೆ ಸುಮ್ನೆ ಬಿಯರ್ ಹೇಳಿಬಿಡಿ.

ರಮ್-ಕೋಕ್, ವೋಡ್ಕಾ-ಸ್ಪ್ರೈಟ್‌ಗೆ ಕಾಕ್‌ಟೇಲ್ ಬೆಲೆ ಕೊಡಬೇಡಿ. ಅದನ್ನು ನೀವೇ ಮನೆಯಲ್ಲಿ ಅಷ್ಟೇ ಚೆನ್ನಾಗಿ ಮಾಡಬಹುದು. ಅದರ ಬದಲು ಆ ಬಾರಿನವರೇ ಕೂತು ತಯಾರಿಸಿದ್ದು ಏನಿದೆ ಕೇಳಿ. ನಾನು ಪುನರ್ಪುಳಿಯ ಒಣ ಸಿಪ್ಪೆಯನ್ನು ರಾತ್ರಿಯಿಡೀ ನೆನೆಹಾಕಿ, ಹಿಂಡಿ ಸೋಸಿ, ಬೆಲ್ಲ ಸೇರಿಸಿ ಪಾಕ ಮಾಡಿಡುತ್ತೇನೆ. ಚಿಟಿಕೆ ಉಪ್ಪು ಬಿದ್ದರೆ ಜಿನ್ ಜೊತೆ ಅದರ ಕೆಂಪು ಹುಳಿ ಬಹಳ ಚೆನ್ನಾಗಿ ಹೊಂದುತ್ತದೆ. ಕರಾವಳಿಯ ಗಿರಾಕಿಗಳು ಮೊದಲ ಗುಟುಕಿಗೇ ಗುರುತು ಹಿಡಿಯುತ್ತಾರೆ.

ಸಾಧ್ಯವಾದರೆ ರಶ್ ಇಲ್ಲದ ಹೊತ್ತಿಗೆ ಬಂದು ಕೌಂಟರಿನಲ್ಲೇ ಕೂತುಕೊಳ್ಳಿ. ಸಿಹಿ ಕಡಿಮೆ ಇರಲಿ, ಸ್ಟ್ರಾಂಗ್ ಇರಲಿ, ಏನು ಬೇಕೋ ಬಾಯಿಬಿಟ್ಟು ಹೇಳಿ. ಕುಡಿದಾಗ ಹುಳಿ ಜಾಸ್ತಿ ಅನ್ನಿಸಿದರೆ ಅದನ್ನೂ ಹೇಳಿ. ಸರಿಮಾಡಿ ಕೊಡುವುದೂ ನೀವು ಕೊಟ್ಟ ಆ ದುಡ್ಡಿನಲ್ಲೇ ಸೇರಿದೆ.