ನನ್ನದು 28, ಹುಡುಗನದು 84

ಬಳ್ಳಾರಿ ಕೋಟೆ ಗುಡ್ಡದ ಹತ್ತಿರ ಬೆಳಗ್ಗೆ ಐದೂವರೆಗೆ ನಮ್ಮ ಓಟದ ಗುಂಪು ಸೇರುತ್ತದೆ. ನಾನು ಪಿಟಿ ಟೀಚರ್, ವಯಸ್ಸು 47. ಕಾಲೇಜು ಹುಡುಗರಿಂದ ಹಿಡಿದು ರಿಟೈರ್ ಆದವರ ತನಕ ಇಪ್ಪತ್ತು ಜನ ಇದ್ದೇವೆ. ಬೇಸಿಗೆಯಲ್ಲಿ ನಮ್ಮೂರ ಬಿಸಿಲು ಗೊತ್ತಲ್ಲ, ಏಳು ಗಂಟೆ ದಾಟಿದರೆ ಓಡುವ ಮಾತೇ ಇಲ್ಲ.

ಯಾರಿಗೆ ಇವತ್ತು ಜೋರು ಓಟ ಕೊಡಬಹುದು, ಯಾರಿಗೆ ಬೇಡ ಅಂತ ತಿಳಿಯಲು ಎದೆಗೆ ಕಟ್ಟುವ ಬೆಲ್ಟ್ ಒಂದನ್ನು ಕೊಂಡೆ. ಅದನ್ನು ಮೊಬೈಲಿಗೆ ಜೋಡಿಸಿದರೆ ಎಚ್‌ಆರ್‌ವಿ, ಅಂದರೆ ಹೃದಯ ಬಡಿತಗಳ ನಡುವಿನ ಅಂತರದ ಏರುಪೇರು, ಅಂಕಿಯಾಗಿ ಬರುತ್ತದೆ. ದೇಹ ದಣಿದಿದ್ದರೆ ಅದು ಸಾಮಾನ್ಯವಾಗಿ ಇಳಿಯುತ್ತದೆ. ನಾಡಿ ನಿಮಿಷಕ್ಕೆ 60 ಅಂದರೆ ಸೆಕೆಂಡಿಗೆ ಸರಿಯಾಗಿ ಒಂದು ಬಡಿತ ಅಂತಲ್ಲ. ಒಂದು ಅಂತರ 960 ಮಿಲಿಸೆಕೆಂಡ್ ಇದ್ದರೆ ಮುಂದಿನದು 1030, ಆಮೇಲೆ 990. ಉಸಿರು ಎಳೆದುಕೊಂಡಾಗ ಬಡಿತ ಸ್ವಲ್ಪ ಬೇಗ, ಬಿಟ್ಟಾಗ ನಿಧಾನ. ಮೆದುಳಿನಿಂದ ಇಳಿದು ಬರುವ ವೇಗಸ್ ಅನ್ನುವ ನರ ಹೃದಯಕ್ಕೆ ಬ್ರೇಕ್ ಹಾಕಿ ಬಿಡುವುದರಿಂದ ಹೀಗಾಗುತ್ತದೆ. ಈ ಏರುಪೇರನ್ನೇ ಅಳೆಯುವುದು. ನಾನು ನೋಡುತ್ತಿದ್ದುದು ಆರ್‌ಎಂಎಸ್‌ಎಸ್‌ಡಿ ಅನ್ನುವ ಅಂಕಿ, ಒಂದು ಅಂತರಕ್ಕೂ ಅದರ ಮುಂದಿನದಕ್ಕೂ ಇರುವ ವ್ಯತ್ಯಾಸದ ಲೆಕ್ಕ. ಅದು ಆ ಬ್ರೇಕಿನ ಕೆಲಸವನ್ನೇ ಹೆಚ್ಚಾಗಿ ತೋರಿಸುತ್ತದೆ.

ನಾನು ಮಾಡಿದ ತಪ್ಪು ಇಷ್ಟೇ. ಎಲ್ಲರ ಅಂಕಿಯನ್ನೂ ಜಾಸ್ತಿಯಿಂದ ಕಮ್ಮಿಗೆ ಬೋರ್ಡಿನ ಮೇಲೆ ಬರೆದೆ. ಮೇಲೆ 19ರ ಹುಡುಗ, 84. ಕೆಳಗೆ ಸಾಲಾಗಿ ನಾವು, 45 ದಾಟಿದ ಹೆಂಗಸರು. ನನ್ನದು 28. ನನ್ನ ಕೆಳಗಿದ್ದ ಅಕ್ಕ ಒಬ್ಬರು ಬೋರ್ಡ್ ನೋಡಿ, "ಯಾಕ್ ಮೇಡಂ, ನಮ್ ಹೃದಯ ವೀಕಾ?" ಅಂದರು. ಮಾರನೇ ದಿನ ಬರಲಿಲ್ಲ.

ಆಮೇಲೆ ಕೂತು ಓದಿದೆ. ಮೊದಲೇ ಓದಬೇಕಿತ್ತು. ವಯಸ್ಸಾದಂತೆ ಎಚ್‌ಆರ್‌ವಿ ಇಳಿಯುವುದು ಎಲ್ಲರಲ್ಲೂ ಇದ್ದದ್ದೇ, ಅದೂ ಇಪ್ಪತ್ತರ ಹರೆಯದಿಂದಲೇ. 1998ರಲ್ಲಿ ಉಮೆಟಾನಿ ಮತ್ತು ಸಂಗಡಿಗರು 10ರಿಂದ 99 ವಯಸ್ಸಿನ 260 ಆರೋಗ್ಯವಂತರನ್ನು 24 ಗಂಟೆ ಅಳೆದು ನೋಡಿದ್ದರು. 30ರ ಒಳಗಿನ ಹೆಣ್ಣುಮಕ್ಕಳದು ಅದೇ ವಯಸ್ಸಿನ ಗಂಡಸರಿಗಿಂತ ಕಮ್ಮಿ ಇತ್ತು. 30 ದಾಟಿದಂತೆ ಆ ವ್ಯತ್ಯಾಸ ಕರಗುತ್ತಾ ಬಂದು, 50ರ ಮೇಲೆ ಕಾಣಲಿಲ್ಲ.

ಅಲ್ಲಿಗೆ ಮುಗಿಯಲಿಲ್ಲ. ಕೋನಿಗ್ ಮತ್ತು ಥೇಯರ್ 2016ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದರು. ಹೆಂಗಸರ ಹೃದಯ ಸ್ವಲ್ಪ ಬೇಗ ಬಡಿಯುತ್ತದೆ, ಒಟ್ಟಾರೆ ಏರುಪೇರು ಕಮ್ಮಿ. ಆದರೆ ಉಸಿರಿನ ಜೊತೆ ಕುಣಿಯುವ ಭಾಗ ಮಾತ್ರ ಗಂಡಸರಿಗಿಂತ ಜಾಸ್ತಿ. ಅಂದರೆ ಯಾರದು ಕಮ್ಮಿ ಅನ್ನುವುದು ಯಾವ ಅಂಕಿ ನೋಡುತ್ತೀರಿ ಅನ್ನುವುದರ ಮೇಲಿದೆ. ವಾಚುಗಳಲ್ಲೂ ಇದೇ ಗೋಜಲು. ಆಪಲ್ ವಾಚ್ ತೋರಿಸುವುದು ಎಸ್‌ಡಿಎನ್‌ಎನ್, ಅಂದರೆ ಒಟ್ಟಾರೆ ಏರುಪೇರಿನ ಲೆಕ್ಕ; ಫಿಟ್‌ಬಿಟ್ ತೋರಿಸುವುದು ಆರ್‌ಎಂಎಸ್‌ಎಸ್‌ಡಿ. ಗೆಳತಿಯರಿಬ್ಬರು ಕೈ ಪಕ್ಕ ಕೈ ಇಟ್ಟು ಹೋಲಿಸಿದರೆ ಜಗಳ ಗ್ಯಾರಂಟಿ!

ಕಾಲೇಜು ಹುಡುಗಿಯೊಬ್ಬಳ ಅಂಕಿ ತಿಂಗಳಿಗೊಮ್ಮೆ ಹತ್ತು ದಿನ ಕುಸಿಯುತ್ತಿತ್ತು. ರಾತ್ರಿ ಮೊಬೈಲ್ ಹಿಡಿದು ಕೂತಿರ್ತೀಯಾ ಅಂತ ಬೈದಿದ್ದೆ. ಪಾಪ, ಅದು ಅವಳ ತಪ್ಪಲ್ಲ. ಮುಟ್ಟಿನ ಮುಂಚಿನ ಆ ದಿನಗಳಲ್ಲಿ ವೇಗಸ್ ನರದ ಬ್ರೇಕ್ ಸ್ವಲ್ಪ ಸಡಿಲ ಆಗುವುದನ್ನು ಅಧ್ಯಯನಗಳೂ ಕಂಡಿವೆ. ಹೆಣ್ಣಾಗಿ ನನಗೇ ಹೊಳೆಯಬೇಕಿತ್ತು, ಅಲ್ವಾ?

ಇನ್ನೊಂದು ಪಾಠ ಉಲ್ಟಾ ಬಂತು. 63ರ ಒಬ್ಬ ಅಂಕಲ್ ಹೊಸದಾಗಿ ಸೇರಿದ್ದರು. ಬೆಲ್ಟ್ ಕಟ್ಟಿದರೆ 112! "ನೋಡ್ರಿ, ಹುಡುಗರಿಗಿಂತ ನಂದೇ ಜಾಸ್ತಿ" ಅಂತ ಮೀಸೆ ತಿರುವಿದರು. ಎಲ್ಲರೂ ಚಪ್ಪಾಳೆ ಹೊಡೆದರು. ನನಗೆ ಗ್ರಾಫ್ ನೋಡಿ ಸಮಾಧಾನ ಆಗಲಿಲ್ಲ. ಉಸಿರಿನ ಜೊತೆ ಏರಿಳಿಯುವ ಅಲೆ ಇರಬೇಕಿತ್ತು, ಇಲ್ಲಿ ಕಾಳು ಚೆಲ್ಲಿದ ಹಾಗೆ ಚುಕ್ಕಿಗಳು. ಮಣಿಕಟ್ಟು ಹಿಡಿದೆ. ನಾಡಿಗೆ ತಾಳವೇ ಇಲ್ಲ. ಓಟ ಬೇಡ, ಮೊದಲು ಇಸಿಜಿ ಮಾಡಿಸಿ ಅಂತ ಮಗನ ಜೊತೆ ಕಳಿಸಿದೆ. ಏಟ್ರಿಯಲ್ ಫಿಬ್ರಿಲೇಷನ್. ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಅದುರುವ ತೊಂದರೆ. ಬಡಿತಗಳೇ ಅಡ್ಡಾದಿಡ್ಡಿ ಬಿದ್ದಾಗ ಅಂಕಿ ಸುಮ್ನೆ ಮೇಲೇರುತ್ತದೆ. ಆ 112ಕ್ಕೆ ಅರ್ಥವೇ ಇರಲಿಲ್ಲ. ಈಗ ಮಾತ್ರೆ ತಗೊಳ್ಳುತ್ತಿದ್ದಾರೆ, ಡಾಕ್ಟರ್ ಒಪ್ಪಿದ ಮೇಲೆ ನಡೆಯುತ್ತಾರೆ.

ಈಗ ಒಬ್ಬೊಬ್ಬರಿಗೂ ಒಂದು ನೋಟ್‌ಬುಕ್. ಬೆಲ್ಟ್ ಇದ್ದವರು ಮನೆಯಲ್ಲೇ, ಎದ್ದ ಕೂಡಲೇ, ಚಹಾಕ್ಕೂ ಮೊದಲು ಅಳೆಯುತ್ತಾರೆ. ಕೂತೇ ಅಂದರೆ ದಿನಾ ಕೂತೇ. ಎರಡು ವಾರ ಬರೆದ ಮೇಲೆ ಅವರವರ ಲೆಕ್ಕ ಸಿಗುತ್ತದೆ. ನನ್ನದು 24ರಿಂದ 33ರ ಒಳಗೆ ಆಡುತ್ತದೆ. ಸಿರುಗುಪ್ಪದಲ್ಲಿ ಮದುವೆ ಮುಗಿಸಿ, ನಿದ್ದೆಗೆಟ್ಟು ಬಂದ ಬೆಳಗ್ಗೆ 17ಕ್ಕೆ ಬಿದ್ದಿತ್ತು. ಅವತ್ತು ಓಡಲಿಲ್ಲ, ನಡೆದೆ.

ಅಂದು ಮುನಿಸಿಕೊಂಡ ಅಕ್ಕನ ಮನೆಗೇ ಹೋಗಿ ಕರೆತಂದೆ. ಅವರ ಸರಾಸರಿ 22, ಈಗ ಅದರ ಬಗ್ಗೆ ಕೇಳುವುದಿಲ್ಲ. ಬೋರ್ಡ್ ಇನ್ನೂ ಇದೆ. ಭಾನುವಾರ ಓಟ ಮುಗಿದ ಮೇಲೆ ಒಗ್ಗರಣೆ ಮಿರ್ಚಿ ಯಾರ ಖರ್ಚು ಅಂತ ಅದರಲ್ಲಿ ಬರೆಯುತ್ತೇವೆ.